‘ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ’ ಎಂಬ ತಲೆಬರಹದ ಬಗ್ಗೆ

ಸಂಪಾದಕರಿಗೆ ನಮಸ್ಕಾರಗಳು.

ಹೋದ ವಾರ ನಿಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ‘ಬಾಹ್ಯಾಕಾಶದಲ್ಲಿ ಹುಟ್ಟಿತು ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ’ ಎಂಬ ಸುದ್ದಿ ಬಂದಿತ್ತು. ಬಾಹ್ಯಾಕಾಶ ನಿಲ್ದಾಣದಲ್ಲಿ ಬ್ಯಾಕ್ಟೀರಿಯಾಕ್ಕೆ ಮದ್ದು ಹಾಕಿ ನೋಡಿದ ಅಮೆರಿಕದವರ ಪ್ರಯೋಗ, ಅಲ್ಲಿನ ಟಾಯ್ಲೆಟ್‌ನಲ್ಲಿ ಸಿಕ್ಕ ಇನ್ನೊಂದು ಬ್ಯಾಕ್ಟೀರಿಯಾ, ಎರಡೂ ಆ ಸುದ್ದಿಯಲ್ಲಿದ್ದವು. ಅದನ್ನು ಓದಿ ನಮ್ಮ ಪಕ್ಕದ ಮನೆಯ ಕಾಕು ಮಾತ್ರೆ ನುಂಗುವುದನ್ನು ನಿಲ್ಲಿಸಿದರು. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಕಾಕುಗೆ 72 ವರ್ಷ. ಬೈಲಹೊಂಗಲ ಕಡೆಯವರು. ಮದುವೆಯಾಗಿ ಬಂದಾಗಿನಿಂದ ಇಲ್ಲೇ ಪುಣೆಯ ನಿಗಡಿಯಲ್ಲಿದ್ದಾರೆ. ಮರಾಠಿ ಸರಾಗವಾಗಿ ಮಾತಾಡುತ್ತಾರೆ, ಓದುವುದಕ್ಕೆ ಮಾತ್ರ ಕನ್ನಡವೇ ಆಗಬೇಕು. ನನ್ನ ಮನೆಗೆ ಬರುವ ನಿಮ್ಮ ಪತ್ರಿಕೆ ಮಧ್ಯಾಹ್ನ ಊಟದ ಹೊತ್ತಿಗೆ ಅವರ ಮನೆ ಸೇರುತ್ತದೆ. ಅವರಿಗೆ ಉರಿಮೂತ್ರದ ತೊಂದರೆ ಇತ್ತು. ಡಾಕ್ಟರು ಯೂರಿನ್ ಕಲ್ಚರ್ (ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ, ರಿಪೋರ್ಟ್ ನೋಡಿ, ಏಳು ದಿನದ ಮಾತ್ರೆ ಬರೆದುಕೊಟ್ಟಿದ್ದರು. ಮೂರನೇ ದಿನಕ್ಕೆ ಉರಿ ಇಳಿಯಿತು. ನಾಲ್ಕನೇ ದಿನ ನಿಮ್ಮ ಸುದ್ದಿ ಬಂತು. ಅದಾಗಿ ಎರಡು ದಿನಕ್ಕೆ ಪೇಪರ್ ವಾಪಸು ಕೊಡಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು: “ಅಲ್ಲ ತಂಗಿ, ಮ್ಯಾಲೆ ಆಕಾಶಕ್ಕ ಹೋದ ಹುಳಕ್ಕ ಯಾವ ಔಷಧಾನೂ ನಾಟೂದಿಲ್ಲಂತ. ಅಲ್ಲಿ ಹೋದವರು ಅದನ್ನ ಮೈಮ್ಯಾಲೆ ಇಟಗೊಂಡ ಇಳದ ಬರ್ತಾರ. ಇನ್ನ ನಾ ಈ ಗುಳಿಗಿ ನುಂಗಿ ಹೊಟ್ಟಿ ಯಾಕ ಕೆಡಿಸ್ಕೋಬೇಕು?”

ಎರಡು ದಿನದಿಂದ ಅವರು ಮಾತ್ರೆ ಮುಟ್ಟಿರಲಿಲ್ಲ. ಅವರದು ತಪ್ಪು ಎಂದು ನಾನು ಹೇಳಲಾರೆ. ಸುದ್ದಿಯ ಧಾಟಿಯೇ ಹಾಗಿತ್ತು.

ನಾನು ಗದಗದವಳು. ಪುಣೆಯ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಅದರಲ್ಲಿ ಬಹುಪಾಲು ಕಲ್ಚರ್ ಬೆಂಚಿನಲ್ಲೇ ಕಳೆಯಿತು. ಯಾವ ಬ್ಯಾಕ್ಟೀರಿಯಾ ಯಾವ ಮದ್ದಿಗೆ ಸಾಯುತ್ತದೆ ಎಂದು ನೋಡುವುದೇ ನನ್ನ ದಿನದ ಕೆಲಸವಾಗಿತ್ತು. ನಿಮ್ಮ ಸುದ್ದಿಯಲ್ಲಿ ಬೇರೆ ಬೇರೆ ವಿಷಯಗಳು ಒಂದೇ ಪಾತ್ರೆಯಲ್ಲಿ ಕಲಸಿಹೋಗಿವೆ. ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಜಾಗ ಮಾಡಿಕೊಡಿ.

ಮೊದಲು ನೆಲದ ಮೇಲೆ ಈ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಬೇಕು. ರೋಗಿಯ ಸ್ಯಾಂಪಲನ್ನು ಹಿಂದಿನ ದಿನ ಬೆಳೆಯಲು ಹಾಕಿದ ಪ್ಲೇಟಿನಿಂದ ನಾಲ್ಕೈದು ಕಾಲನಿಗಳನ್ನು, ಅಂದರೆ ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆಗಳನ್ನು, ಲೂಪ್ ಎಂಬ ತಂತಿಯ ತುದಿಯಲ್ಲಿ ಎತ್ತಿ ಸಲೈನಿನಲ್ಲಿ ಕದಡುತ್ತೇವೆ. ಎಷ್ಟು ಕದಡಬೇಕು ಎನ್ನುವುದಕ್ಕೂ ಅಳತೆ ಇದೆ. 0.5 ಮ್ಯಾಕ್‌ಫರ್ಲ್ಯಾಂಡ್ ಎಂಬ ಟ್ಯೂಬನ್ನು ಪಕ್ಕದಲ್ಲಿ ಹಿಡಿದು, ಎರಡರ ಹಿಂದೆಯೂ ಕಪ್ಪು ಗೆರೆ ಎಳೆದ ಬಿಳಿ ಕಾರ್ಡ್ ಇಟ್ಟು, ಗೆರೆ ಎರಡರಲ್ಲೂ ಒಂದೇ ಥರ ಮಸುಕಾಗಿ ಕಾಣುವ ತನಕ ಹದ ಮಾಡಬೇಕು. ಆಮೇಲೆ ಹತ್ತಿಯ ಸ್ವ್ಯಾಬ್ ಅದ್ದಿ, ಟ್ಯೂಬಿನ ಒಳಗೋಡೆಗೆ ಒತ್ತಿ ಹಿಂಡಿ, ಮುಲ್ಲರ್ ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಆಹಾರ ಬೆರೆಸಿ ಗಟ್ಟಿಯಾಗಿಸಿದ್ದು) ಪ್ಲೇಟಿನ ಮೇಲೆ ಮೂರು ಸಲ ಸವರುತ್ತೇವೆ. ಪ್ರತಿ ಸಲವೂ ಪ್ಲೇಟನ್ನು ಸ್ವಲ್ಪ ತಿರುಗಿಸಿಕೊಳ್ಳಬೇಕು, ಎಲ್ಲೂ ಬಿಟ್ಟುಹೋಗಬಾರದು. ಅದರ ಮೇಲೆ ಮದ್ದು ಹೀರಿಸಿದ ಪುಟ್ಟ ಕಾಗದದ ಡಿಸ್ಕುಗಳನ್ನು ಚಿಮಟದಿಂದ ಇಟ್ಟು, ಮೆಲ್ಲಗೆ ಒತ್ತಿ, 35 ಡಿಗ್ರಿಯ ಇನ್‌ಕ್ಯುಬೇಟರಿಗೆ ಸೇರಿಸಿದರೆ 16ರಿಂದ 18 ಗಂಟೆ ಕಾಯುವುದು.

ಮರುದಿನ ಬೆಳಿಗ್ಗೆ ಪ್ಲೇಟ್ ತೆಗೆದರೆ ಬ್ಯಾಕ್ಟೀರಿಯಾ ಮಂಜು ಕವಿದ ಗಾಜಿನ ಹಾಗೆ ಬೆಳೆದಿರುತ್ತದೆ. ಮದ್ದು ನಾಟಿದ ಡಿಸ್ಕಿನ ಸುತ್ತ ಮಾತ್ರ ದುಂಡಗೆ ಸ್ವಚ್ಛ ಜಾಗ. ಪ್ಲೇಟನ್ನು ಬೋರಲು ಹಿಡಿದು ಆ ದುಂಡನ್ನು ಸ್ಕೇಲಿನಲ್ಲಿ ಅಳೆಯುತ್ತೇವೆ. ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್‌ನ 10 ಮೈಕ್ರೋಗ್ರಾಂ ಡಿಸ್ಕಿನ ಸುತ್ತ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ 15 ಮಿ.ಮೀ. ಅಥವಾ ಜಾಸ್ತಿ ಬಂದರೆ ನಮ್ಮ ಕಾಲದಲ್ಲಿ ‘ಎಸ್’ ಎಂದು ಬರೆಯುತ್ತಿದ್ದೆವು, ಮದ್ದು ನಾಟುತ್ತದೆ ಎಂದರ್ಥ. 12 ಅಥವಾ ಅದಕ್ಕಿಂತ ಕಡಿಮೆ ಬಂದರೆ ‘ಆರ್’, ನಾಟುವುದಿಲ್ಲ ಎಂದು. ಕಾಕುವಿನ ರಿಪೋರ್ಟಿನಲ್ಲಿ ಅವರ ಮಾತ್ರೆಯ ಹೆಸರಿನ ಮುಂದೆ ‘ಎಸ್’ ಇತ್ತು.

ಈ ‘ಎಸ್’ ಷರತ್ತಿನ ಮೇಲೆ ನಿಂತ ಮಾತು. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಮ್ಮ ಸೀನಿಯರ್ ಮೇಡಂ ಇದನ್ನು ತಲೆಗೆ ತುಂಬಿದರು. ಅಗರ್ ಸುಮಾರು 4 ಮಿ.ಮೀ. ದಪ್ಪ ಇರಬೇಕು. ಅವಸರದಲ್ಲಿ ದಪ್ಪಗೆ ಸುರಿದರೆ ಅದೇ ಬ್ಯಾಕ್ಟೀರಿಯಾ, ಅದೇ ಡಿಸ್ಕ್, ಆದರೆ ದುಂಡು ಕಿರಿದಾಗುತ್ತದೆ. ಸಲೈನ್ ಹೆಚ್ಚು ಕದಡಿದ್ದರೂ ಕಿರಿದಾಗುತ್ತದೆ. ಅಗರ್ ಹುಳಿಯಾಗಿದ್ದರೆ ಜೆಂಟಾಮೈಸಿನ್ ಜಾತಿಯ ಮದ್ದುಗಳ ಜೋರು ಇಳಿಯುತ್ತದೆ. ಅದಕ್ಕೇ ಗುಣ ಗೊತ್ತಿರುವ ಕಂಟ್ರೋಲ್ ಸ್ಟ್ರೈನನ್ನು ಜೊತೆಗಿಟ್ಟು ನೋಡುತ್ತೇವೆ. ಅದರ ಅಳತೆ ತಪ್ಪಿದರೆ ಆ ದಿನದ ರಿಪೋರ್ಟ್ ಒಂದೂ ಹೊರಗೆ ಹೋಗುವಂತಿಲ್ಲ. ಬ್ಯಾಕ್ಟೀರಿಯಾ ಅದೇ ಇದ್ದು ಸುತ್ತಲಿನ ಸ್ಥಿತಿ ಬದಲಾದರೂ ಮದ್ದಿನ ಫಲ ಬದಲಾಗುತ್ತದೆ. ಬಾಹ್ಯಾಕಾಶದ ಪ್ರಯೋಗಗಳನ್ನು ಓದುವಾಗ ಇದು ನೆನಪಿರಬೇಕು.

ಆ ಪ್ರಯೋಗಗಳು ಹೊಸವಲ್ಲ. 1982ರಲ್ಲಿಯೇ ಸೋವಿಯತ್ ಒಕ್ಕೂಟದ ಸಲ್ಯೂತ್-7 ನಿಲ್ದಾಣದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಸೈಟೋಸ್-2 ಎಂಬ ಪರೀಕ್ಷೆ ಮಾಡಿಸಿದ್ದರು. ಇ. ಕೋಲಿ ಮತ್ತು ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಎರಡನ್ನೂ ಮದ್ದಿನ ಜೊತೆ ಬೆಳೆಸಿದಾಗ, ನೆಲದ ಮೇಲೆ ಬೆಳವಣಿಗೆ ತಡೆಯಲು ಸಾಕಾಗುತ್ತಿದ್ದ ಪ್ರಮಾಣ ಅಲ್ಲಿ ಸಾಕಾಗಲಿಲ್ಲ. ನೀವು ಪ್ರಸ್ತಾಪಿಸಿದ ಅಮೆರಿಕದ ಪ್ರಯೋಗ ನಡೆದದ್ದು 2014ರಲ್ಲಿ. ಕೊಲರಾಡೋ ವಿಶ್ವವಿದ್ಯಾಲಯದವರು ಇ. ಕೋಲಿಯನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿ, ಜೆಂಟಾಮೈಸಿನ್ ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ಬೆಳೆಸಿದರು. ಅದೇ ಥರದ ಇನ್ನೊಂದು ಸೆಟ್ ನೆಲದ ಮೇಲೂ ಇತ್ತು. 2017ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಮದ್ದು ಹಾಕಿದ ಮೇಲೂ ಮೇಲಿನ ಬ್ಯಾಕ್ಟೀರಿಯಾದ ಸಂಖ್ಯೆ ನೆಲದ್ದಕ್ಕಿಂತ 13 ಪಟ್ಟು. ಒಂದೊಂದು ಕೋಶದ ಗಾತ್ರ ಸರಾಸರಿ ನೆಲದ ಕೋಶದ 37 ಪ್ರತಿಶತ ಮಾತ್ರ. ಹೊರಕವಚ 25ರಿಂದ 43 ಪ್ರತಿಶತ ಹೆಚ್ಚು ದಪ್ಪ. ಜೊತೆಗೆ ಒಂದಕ್ಕೊಂದು ಅಂಟಿಕೊಂಡು ಗುಂಪುಗಟ್ಟಿದ್ದವು.

ಇಷ್ಟನ್ನು ನೀವು ಸರಿಯಾಗಿಯೇ ಬರೆದಿದ್ದೀರಿ. ‘ಹುಟ್ಟಿತು’ ಎಂಬ ಮಾತಿನಲ್ಲಿ ಎಡವಟ್ಟಾಯಿತು.

ಯೂರಿನ್ ಸ್ಯಾಂಪಲನ್ನು ಟ್ಯೂಬಿನಲ್ಲಿ ಒಂದು ತಾಸು ಅಲ್ಲಾಡಿಸದೆ ಇಟ್ಟರೆ ಅದರಲ್ಲಿನ ಕೋಶಗಳು, ಕಸ ಎಲ್ಲ ತಳಕ್ಕೆ ಇಳಿದು ಮೇಲೆ ತಿಳಿಯಾಗುತ್ತದೆ. ನೀರು ಬಿಸಿಯಾದರೆ ಮೇಲೇಳುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ನೆಲದ ಮೇಲೆ ದ್ರವದೊಳಗೆ ಹೀಗೆ ಸದಾ ಒಂದು ಕಲಕಾಟ ಇದ್ದೇ ಇರುತ್ತದೆ, ನಮಗೆ ಗಮನಕ್ಕೆ ಬರುವುದಿಲ್ಲ ಅಷ್ಟೇ. ಭೂಮಿ ಸುತ್ತುತ್ತಿರುವ ನಿಲ್ದಾಣದೊಳಗೆ ತೂಕವೇ ಇಲ್ಲದಂತಾಗಿರುವುದರಿಂದ ಯಾವುದೂ ತಳ ಸೇರುವುದಿಲ್ಲ, ಯಾವುದೂ ಮೇಲೇಳುವುದಿಲ್ಲ. ಬ್ಯಾಕ್ಟೀರಿಯಾ ಇದ್ದಲ್ಲೇ ತೇಲುತ್ತಿರುತ್ತದೆ. ತನ್ನ ಸುತ್ತಲಿನ ಸಕ್ಕರೆಯನ್ನು ತಿಂದು ಮುಗಿಸಿದರೆ ಹೊಸದು ನಿಧಾನಕ್ಕೆ ಹರಡಿಕೊಂಡೇ ಹತ್ತಿರ ಬರಬೇಕು. ತಾನು ಬಿಟ್ಟ ಹುಳಿ ಅಲ್ಲೇ ಸುತ್ತುವರಿದು ನಿಲ್ಲುತ್ತದೆ. ಮದ್ದಿನ ಕಣಗಳೂ ಹಾಗೇ ಹರಡಿಕೊಂಡೇ ಬರಬೇಕು. ಅದೇ ತಂಡದವರು ಬ್ಯಾಕ್ಟೀರಿಯಾದ ಜೀನುಗಳ ಚಟುವಟಿಕೆ ನೋಡಿದಾಗ ಹಸಿವನ್ನೂ ಹುಳಿಯನ್ನೂ ಎದುರಿಸುವ ಜೀನುಗಳು ಚುರುಕಾಗಿದ್ದವು. ಇದು 2016ರಲ್ಲಿ ಪ್ರಕಟವಾಗಿದೆ. ಕೋಶ ಕಿರಿದಾದರೆ ಮದ್ದು ತಾಗುವ ಮೈಯೂ ಕಡಿಮೆಯಾಗುತ್ತದೆ. ಗುಂಪುಗಟ್ಟಿದರೆ ಹೊರಗಿನವು ಒಳಗಿನವಕ್ಕೆ ಮರೆಯಾಗುತ್ತವೆ.

ಪ್ರತಿರೋಧ ಎಂದು ನಾವು ಲ್ಯಾಬಿನವರು ಕರೆಯುವುದು ಬೇರೆ. ಮದ್ದನ್ನು ಒಡೆಯುವ ಅಥವಾ ಹೊರಗೆ ತಳ್ಳುವ ಗುಣ ಬ್ಯಾಕ್ಟೀರಿಯಾದ ಜೀನಿನಲ್ಲಿ ಕೂತು, ಮಕ್ಕಳು ಮೊಮ್ಮಕ್ಕಳಿಗೂ ಇಳಿದುಬರುವುದು. ಅಂಥದ್ದನ್ನು ಹೊಸ ಪ್ಲೇಟಿಗೆ ಹಾಕಿದರೂ, ಬೇರೆ ಊರಿನ ಲ್ಯಾಬಿಗೆ ಕಳಿಸಿದರೂ ‘ಆರ್’ ಎಂದೇ ಬರುತ್ತದೆ. ಮರೆಯಲ್ಲಿ ಕೂತು ಬದುಕಿ ಉಳಿಯುವುದಕ್ಕೂ ಇದಕ್ಕೂ ಅಜಗಜಾಂತರ.

ಈ ವ್ಯತ್ಯಾಸ ನನಗೆ ಮನೆಯಲ್ಲೇ ಅರ್ಥವಾದದ್ದು. ನಮ್ಮ ಮಾವನವರು ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ ಪೆನಿಸಿಲಿನ್ ಸೀಸೆ ತುಂಬುವ ವಿಭಾಗದಲ್ಲಿದ್ದವರು. ಇಲ್ಲಿನ ಜನ ಅದನ್ನು ಈಗಲೂ ‘ಎಚ್‌ಎ ಕಂಪನಿ’ ಎಂದೇ ಕರೆಯುತ್ತಾರೆ. 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ನೆರವಿನಿಂದ ಎದ್ದ ಕಾರ್ಖಾನೆ ಅದು. (ಅಲ್ಲಿ ಸಂಶೋಧನೆ ಮಾಡುತ್ತಿದ್ದ ಡಾ. ಎಂ. ಜೆ. ತಿರುಮಲಾಚಾರ್ ನಮ್ಮ ಕರ್ನಾಟಕದವರು. ಶಿಲೀಂಧ್ರ ಕೊಲ್ಲುವ ಹ್ಯಾಮೈಸಿನ್ ಎಂಬ ಮದ್ದು ಅಲ್ಲಿಯೇ ಸಿಕ್ಕಿತು. ಅದನ್ನು ಕೊಟ್ಟ ಸೂಕ್ಷ್ಮಜೀವಿಯ ಹೆಸರಿನಲ್ಲೇ ಪಿಂಪ್ರಿ ಇದೆ, ಸ್ಟ್ರೆಪ್ಟೋಮೈಸಿಸ್ ಪಿಂಪ್ರಿನಾ. ಮಾವನವರು ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು.) ಕೊನೆಯ ವರ್ಷ ಅವರಿಗೆ ಪ್ರೊಸ್ಟೇಟ್ ತೊಂದರೆಯಾಗಿ ಕ್ಯಾಥೆಟರ್ (ಮೂತ್ರ ಹೊರಗೆ ಹರಿಸುವ ನಳಿಗೆ) ಹಾಕಿದ್ದರು. ಒಂದು ದಿನ ಚಳಿಜ್ವರ ಹಿಡಿಯಿತು. ಕಲ್ಚರಿಗೆ ಕೊಟ್ಟರು. ಪ್ಲೇಟ್ ಹಾಕಿದ್ದೂ ನಾನೇ, ಅಳೆದದ್ದೂ ನಾನೇ. ಇ. ಕೋಲಿ, ಜೆಂಟಾಮೈಸಿನ್ 20 ಮಿ.ಮೀ., ನಿಸ್ಸಂಶಯವಾಗಿ ‘ಎಸ್’.

ಇಂಜೆಕ್ಷನ್ ಶುರುವಾಗಿ ಮೂರು ದಿನವಾದರೂ ಜ್ವರ ಇಳಿಯಲಿಲ್ಲ. ನನ್ನ ಪ್ಲೇಟೇ ತಪ್ಪಾಯಿತೇನೋ ಎಂದು ರಾತ್ರಿ ನಿದ್ದೆ ಬರಲಿಲ್ಲ. ಇನ್ನೊಂದು ಸಲ ಹಾಕಿದೆ, ಕಂಟ್ರೋಲ್ ಇಟ್ಟು ನೋಡಿದೆ, ಮತ್ತೆ 20. ಆಮೇಲೆ ಡಾಕ್ಟರು ಕ್ಯಾಥೆಟರನ್ನೇ ಬದಲಾಯಿಸಿದರು. ತೆಗೆದ ನಳಿಗೆಯನ್ನು ನಾನು ಟ್ರೇಯಲ್ಲಿ ನೋಡಿದೆ. ಒಳಮೈಗೆ ತೆಳ್ಳಗೆ ಗಂಜಿಯ ಕೆನೆ ಹಿಡಿದ ಹಾಗೆ ಪದರವಾಗಿ ಅಂಟಿತ್ತು. ಬೆರಳಿಗೆ ಗ್ಲೌಸ್ ಇದ್ದರೂ ಅದರ ಲೋಳೆ ಗೊತ್ತಾಗುತ್ತಿತ್ತು. ಬ್ಯಾಕ್ಟೀರಿಯಾ ತಾನೇ ಕಟ್ಟಿಕೊಂಡ ಮನೆ ಅದು, ಬಯೋಫಿಲ್ಮ್ ಎನ್ನುತ್ತಾರೆ. ಪ್ಲೇಟಿನ ಮೇಲೆ ಡಿಸ್ಕಿನ ಸುತ್ತ 20 ಮಿ.ಮೀ. ಅಗಲದ ದುಂಡಿನಲ್ಲಿ ಸಾಯುತ್ತಿದ್ದ ಅದೇ ಇ. ಕೋಲಿ ಆ ಪದರದ ಒಳಗೆ ಮದ್ದಿಗೆ ಸಿಗದೆ ಕೂತಿತ್ತು. ನಳಿಗೆ ಬದಲಾದ ಎರಡನೇ ದಿನಕ್ಕೆ, ಅದೇ ಇಂಜೆಕ್ಷನ್ನಿಗೆ, ಜ್ವರ ಇಳಿಯಿತು.

ಆವತ್ತು ಯಾರಾದರೂ ‘ನಿಮ್ಮ ಮಾವನವರ ಕ್ಯಾಥೆಟರಿನಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಿದೆ’ ಎಂದಿದ್ದರೆ ಏನಾಗುತ್ತಿತ್ತು? ಇನ್ನೂ ದೊಡ್ಡ, ಇನ್ನೂ ದುಬಾರಿ ಆಂಟಿಬಯೋಟಿಕ್ ಶುರು ಮಾಡುತ್ತಿದ್ದರು, ನಳಿಗೆ ಅಲ್ಲೇ ಉಳಿಯುತ್ತಿತ್ತು. ಹೆಸರು ತಪ್ಪಿದರೆ ಔಷಧೋಪಚಾರವೂ ತಪ್ಪುತ್ತದೆ. ತಲೆಬರಹದ ಒಂದು ಶಬ್ದಕ್ಕಾಗಿ ಇಷ್ಟು ಉದ್ದ ಪತ್ರ ಬರೆಯುತ್ತಿರುವುದು ಅದಕ್ಕೇ.

ಮೂತ್ರದ ಸೋಂಕು ಬಾಹ್ಯಾಕಾಶಕ್ಕೂ ದೂರದ ಮಾತಲ್ಲ. 1970ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ-13 ನೌಕೆ ಕೆಟ್ಟು ವಾಪಸು ಬರುವಾಗ ಚಳಿ, ಕುಡಿಯುವ ನೀರಿನ ಕೊರತೆ ಎರಡರಲ್ಲೂ ನರಳಿದ ಗಗನಯಾತ್ರಿ ಫ್ರೆಡ್ ಹೇಸ್ ಅವರಿಗೆ ಮೂತ್ರದ ಸೋಂಕಾಗಿ ಜ್ವರ ಬಂದಿತ್ತು. ಅದಕ್ಕೇ ಇರಬೇಕು, ನಾಸಾ 2017ರ ನವೆಂಬರ್‌ನಲ್ಲಿ ಕಳಿಸಿದ ಇಕ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹದಲ್ಲಿ ಮೂತ್ರದ ಸೋಂಕು ತರುವ ಇ. ಕೋಲಿಯನ್ನೇ ಆರಿಸಿಕೊಂಡರು, ಮದ್ದು ಜೆಂಟಾಮೈಸಿನ್ನೇ. ತೂಕ ಸುಮಾರು ಹತ್ತು ಕಿಲೋ. ಒಳಗೆ ಬ್ಯಾಕ್ಟೀರಿಯಾ ಬೆಳೆಸುವ ಸಣ್ಣ ಸಣ್ಣ ಗುಳಿಗಳು, ನೋಡಿಕೊಳ್ಳಲು ಮನುಷ್ಯರಿಲ್ಲ. ಬದುಕಿರುವ ಬ್ಯಾಕ್ಟೀರಿಯಾ ಇದ್ದರೆ ನೀಲಿ ಬಣ್ಣ ಗುಲಾಬಿಗೆ ತಿರುಗುತ್ತದೆ, ಆ ಬಣ್ಣವನ್ನು ಅಳೆದು ಯಂತ್ರ ಕೆಳಗೆ ಸಂದೇಶ ಕಳಿಸುತ್ತದೆ. ಒಗ್ಗದ ಸ್ಥಿತಿ ಎದುರಾದಾಗ ಬ್ಯಾಕ್ಟೀರಿಯಾವನ್ನು ಕಾಪಾಡುವ ಒಂದು ಜೀನ್ ತೆಗೆದ ತಳಿಯನ್ನೂ ಜೊತೆಗೆ ಕಳಿಸಿದ್ದರು. ಆ ಜೀನ್ ಇಲ್ಲದಿದ್ದರೆ ಮದ್ದು ಹೆಚ್ಚು ನಾಟುತ್ತದೆಯೇ ಎಂದು ಹೋಲಿಸಿ ನೋಡುವುದು ಉದ್ದೇಶ. ಒಂದು ಬ್ಯಾಕ್ಟೀರಿಯಾ, ಒಂದು ಮದ್ದು, ಒಂದು ಪ್ರಶ್ನೆಗೆ ಇಷ್ಟು ಶ್ರದ್ಧೆ! ನಾನು ಓದಿ ಕೈಮುಗಿದೆ.

ಇನ್ನು ನಿಲ್ದಾಣದ ಟಾಯ್ಲೆಟ್‌ನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ವಿಷಯ. ಅದು ಎಂಟೆರೋಬ್ಯಾಕ್ಟರ್ ಬುಗಾಂಡೆನ್ಸಿಸ್. 2015ರಲ್ಲಿ ಟಾಯ್ಲೆಟ್ ಮತ್ತು ವ್ಯಾಯಾಮದ ಜಾಗದಿಂದ ತೆಗೆದ ಐದು ತಳಿಗಳ ಅಧ್ಯಯನ 2018ರಲ್ಲಿ ಬಂತು. ಆಮೇಲಿನ ಅಧ್ಯಯನದಲ್ಲಿ ನಮ್ಮ ಐಐಟಿ ಮದ್ರಾಸ್‌ನವರೂ ಇದ್ದಾರೆ. ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದ ಜೀನುಗಳು ಇದರಲ್ಲಿವೆ, ಇದು ನಿಜವಾದ ಪ್ರತಿರೋಧ. ಆದರೆ ಈ ಜಾತಿಯ ಬ್ಯಾಕ್ಟೀರಿಯಾ ಭೂಮಿಯ ಆಸ್ಪತ್ರೆಗಳಲ್ಲೂ ಸಿಗುತ್ತದೆ, ಇದಕ್ಕೆ ಹೆಸರು ಬಂದದ್ದೂ ಭೂಮಿಯ ಮೇಲಿನ ರೋಗಿಗಳಿಂದ ತೆಗೆದ ತಳಿಯಿಂದ. ಇದನ್ನೂ ಜೆಂಟಾಮೈಸಿನ್ ಪ್ರಯೋಗವನ್ನೂ ಒಂದೇ ಪ್ಯಾರಾದಲ್ಲಿ ಸೇರಿಸಿದ್ದರಿಂದ, ಪ್ರಯೋಗದ ಇ. ಕೋಲಿಯೇ ಟಾಯ್ಲೆಟ್‌ಗೆ ಹೋಗಿ ಸೇರಿಕೊಂಡ ಹಾಗೆ ಓದುಗರಿಗೆ ಅನಿಸುತ್ತದೆ.

ನಿಮ್ಮ ಸುದ್ದಿಯಲ್ಲಿ ಬರಲೇಬೇಕಿದ್ದು ಬಾರದೇ ಹೋದ ಒಂದು ಪ್ರಯೋಗವಿದೆ. ಹ್ಯೂಸ್ಟನ್ ವಿಶ್ವವಿದ್ಯಾಲಯದವರು ಮೇಲಿನ ತೂಕವಿಲ್ಲದ ಸ್ಥಿತಿಯನ್ನು ಹೋಲುವಂತೆ ಸುತ್ತುತ್ತಲೇ ಇರುವ ಪಾತ್ರೆಯಲ್ಲಿ ಇ. ಕೋಲಿಯನ್ನು 1,000 ತಲೆಮಾರು ಬೆಳೆಸಿದರು. ಮದ್ದಿಲ್ಲದೆ ಬೆಳೆಸಿದಾಗ ಕಾಯಂ ಪ್ರತಿರೋಧ ಕಾಣಲಿಲ್ಲ. ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್‌ನ ಸ್ವಲ್ಪ ಅಂಶ ಸದಾ ಇರುವಂತೆ ಮಾಡಿ ಬೆಳೆಸಿದಾಗ ಪ್ರತಿರೋಧ ಬಂತು, ಮದ್ದು ನಿಲ್ಲಿಸಿ ನೂರಕ್ಕೂ ಹೆಚ್ಚು ತಲೆಮಾರು ಕಳೆದರೂ ಹೋಗಲಿಲ್ಲ. 2019ರ ವರದಿ ಇದು. ತೂಕವಿಲ್ಲದಿರುವುದಕ್ಕಿಂತ ಕೊಲ್ಲಲು ಸಾಲದಷ್ಟು ಮದ್ದಿನ ಅಂಶವೇ ಹೆಚ್ಚು ಕೇಡು ಮಾಡಿತು. ಕಾಕು ನಾಲ್ಕನೇ ದಿನಕ್ಕೆ ಮಾತ್ರೆ ಬಿಟ್ಟರಲ್ಲ, ನನಗೆ ತಕ್ಷಣ ನೆನಪಾದದ್ದು ಇದೇ. ನಮ್ಮ ಸೊಸೈಟಿಯಲ್ಲಿ ಒಬ್ಬರಿಗೆ ಬರೆದ ಆಂಟಿಬಯೋಟಿಕ್‌ನಲ್ಲಿ ಉಳಿದ ಎರಡು ಮಾತ್ರೆಯನ್ನು ಇನ್ನೊಬ್ಬರ ಗಂಟಲು ನೋವಿಗೆ ಕೊಡುವುದು ಅಕ್ಕಿ ಬೇಳೆ ಕಡ ಕೊಟ್ಟಷ್ಟೇ ಸಹಜವಾಗಿದೆ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ಏಕಿದೆ ಎಂದು ಕೇಳಿದರೆ ಹೇಳುವವರು ಸಿಗುವುದಿಲ್ಲ. ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧ ಎಂದು ಅದರರ್ಥ. ಇದನ್ನು ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಆಗಾಗ ಹಾಕುತ್ತಿರಿ.

ಇನ್ನೊಂದು ಆಸೆ ಇದೆ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರ ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕೆಯೊಡೆದವು. ಆ ದಿನ ನಮ್ಮ ಮನೆಯಲ್ಲಿ ಹಬ್ಬದ ಹಾಗಿತ್ತು. ಗಗನಯಾನ ಆಗಲಿ, ಮುಂದೆ ನಮ್ಮದೇ ನಿಲ್ದಾಣ ಆಗಲಿ, ಅದರಲ್ಲಿ ನಮ್ಮ ಆಸ್ಪತ್ರೆಗಳಲ್ಲಿ ದಿನವೂ ಸಿಗುವ ಬ್ಯಾಕ್ಟೀರಿಯಾಗಳ ಮೇಲೆ, ನಮ್ಮ ಡಾಕ್ಟರು ದಿನವೂ ಬರೆಯುವ ಮದ್ದುಗಳ ಪರೀಕ್ಷೆಯೂ ನಡೆಯಬೇಕು. ನಮ್ಮ ಹುಡುಗರು ಅಲ್ಲಿ ತಿಂಗಳುಗಟ್ಟಲೆ ಇರುವ ಕಾಲ ಬರುತ್ತದೆ. ಅವರಿಗೆ ಜ್ವರ ಬಂದಾಗ ಎಷ್ಟು ಡೋಸ್ ಕೊಡಬೇಕು ಎಂಬುದು ನೆಲದ ಪ್ಲೇಟ್ ನೋಡಿ ತೀರ್ಮಾನವಾಗಬಾರದು. ಅಷ್ಟೇ ಮುಖ್ಯವಾಗಿ, ಹಸಿವು, ಹುಳಿ, ಗುಂಪುಗಟ್ಟುವಿಕೆ ಇವು ಮದ್ದನ್ನು ಹೇಗೆ ತಡೆಯುತ್ತವೆ ಎಂದು ಅಲ್ಲಿ ತಿಳಿದರೆ ಇಲ್ಲಿ ಕ್ಯಾಥೆಟರ್ ಹಾಕಿಕೊಂಡು ಮಲಗಿದವರಿಗೂ ಅದು ಬೇಕಾದ ವಿದ್ಯೆ. ಇಂಥ ಕೆಲಸಕ್ಕೆ ಬೆಂಚಿನಲ್ಲಿ ಕೈ ಪಳಗಿದ ಟೆಕ್ನೀಷಿಯನ್‌ಗಳು ನಮ್ಮ ಊರೂರಿನಲ್ಲೂ ಇದ್ದಾರೆ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಬಾಹ್ಯಾಕಾಶದಲ್ಲಿ ಬ್ಯಾಕ್ಟೀರಿಯಾ ಮದ್ದನ್ನು ಹೆಚ್ಚು ತಡೆದುಕೊಂಡಿತು ಎಂದು ಬರೆಯಿರಿ. ಯಾವ ಮದ್ದಿಗೂ ಬಗ್ಗದ್ದು ಅಲ್ಲಿ ಹುಟ್ಟಿತು ಎಂಬುದನ್ನು ತೆಗೆಯಿರಿ.

ಕಾಕುವನ್ನು ಅದೇ ಸಂಜೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕೋರ್ಸ್ ಮೊದಲಿಂದ ಶುರು ಮಾಡಿಸಿದ್ದಾರೆ, ಮುಗಿದ ಮೇಲೆ ಇನ್ನೊಂದು ಕಲ್ಚರ್ ಮಾಡಿಸಲು ಹೇಳಿದ್ದಾರೆ. ಸ್ಟೆರೈಲ್ ಡಬ್ಬಿ ತಂದು ಅವರ ಫ್ರಿಜ್ಜಿನ ಮೇಲೆ ಇಟ್ಟು ಬಂದಿದ್ದೇನೆ. ಮಂಗಳವಾರ ಬೆಳಿಗ್ಗೆ ಕೊಡಬೇಕು. ಅಷ್ಟರೊಳಗೆ ನಿಮ್ಮ ತಿದ್ದುಪಡಿ ಬಂದರೆ ಮಧ್ಯಾಹ್ನದ ಪೇಪರ್ ಜೊತೆ ಆ ಪುಟವನ್ನು ಮೇಲೆ ಮಡಿಸಿ ಕೊಡುತ್ತೇನೆ.

ಇಂತಿ,
ನಿಮ್ಮ ಓದುಗಳು, ನಿವೃತ್ತ ಲ್ಯಾಬ್ ಟೆಕ್ನೀಷಿಯನ್
ನಿಗಡಿ, ಪುಣೆ